ಐದು ಗಂಟೆ ಕೊಂಬೆ ಎಳೆದೆ, ಮಿಷನ್ ಮಾತ್ರ ಮುಟ್ಟಲು ಬಿಡಲಿಲ್ಲ

ಮೂಡಿಗೆರೆಮಳೆ
ಭಾನುವಾರ, 8 ಡಿಸೆಂಬರ್ 2024

ಎಲ್ಲರಿಗೂ ನಮಸ್ಕಾರ. ನಾನಿರುವುದು ವಾಷಿಂಗ್ಟನ್ ರಾಜ್ಯದ ಸಮಾಮಿಶ್‌ನಲ್ಲಿ. ಸಿಯಾಟಲ್‌ನಿಂದ ಪೂರ್ವಕ್ಕೆ ಅರ್ಧ ಗಂಟೆ. ನವೆಂಬರ್ 19ರ ರಾತ್ರಿ ಇಲ್ಲಿ ಬೀಸಿದ ಗಾಳಿಯ ಸುದ್ದಿ ಓದಿರುತ್ತೀರಿ. ನಮ್ಮ ಮನೆಗೆ ನಾಲ್ಕು ದಿನ ಕರೆಂಟ್ ಇರಲಿಲ್ಲ. ಅದು ಬೇರೆ ಕಥೆ, ಬಿಡಿ.

ನಾನು ವಾರಕ್ಕೊಮ್ಮೆ ಇಸಾಕ್ವಾ ಸುತ್ತಲಿನ ಗುಡ್ಡಗಳಲ್ಲಿ ಮೌಂಟನ್ ಬೈಕ್ ತುಳಿಯುವವ. ಗಾಳಿ ನಿಂತ ಮೇಲೆ ಕಾಡುದಾರಿ ತುಂಬ ಮರ. ಒಂದರ ಮೇಲೊಂದು ಬಿದ್ದು ದಾರಿ ಎಲ್ಲಿತ್ತು ಅಂತಾನೇ ಗೊತ್ತಾಗದ ಜಾಗಗಳಿವೆ. ಒಂದು ಸ್ವಯಂಸೇವಕರ ಗುಂಪು ದಾರಿ ಬಿಡಿಸಲು ಜನ ಬೇಕು ಅಂತ ಹಾಕಿತ್ತು. ಗುಂಪಿನ ಹೆಸರು ಬೇಡ. ಖುಷಿಯಿಂದ ಹೋದೆ.

ನಾನು ಬೆಳೆದದ್ದು ಮೂಡಿಗೆರೆ ಹತ್ತಿರದ ಕಾಫಿ ತೋಟದಲ್ಲಿ. ಕಾಲೇಜು ರಜೆಯಲ್ಲೇ ಮರ ಕೊಯ್ಯುವ ಮಿಷನ್ ಹಿಡಿದವನು. ನಮ್ಮ ಕಡೆ ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ಯಾರೂ ಇಲಾಖೆಯವರು ಬರಲಿ ಅಂತ ಕಾಯುವುದಿಲ್ಲ. ಜೀಪಿನಲ್ಲಿ ಕತ್ತಿ, ಹಗ್ಗ ಇದ್ದೇ ಇರುತ್ತದೆ. ಹತ್ತು ಜನ ಸೇರಿ ಬಿಡಿಸಿಕೊಂಡು ಮುಂದೆ ಹೋಗುತ್ತೇವೆ.

ಇಲ್ಲಿ? ಮಿಷನ್ ಹಿಡಿದವರು ಇಬ್ಬರೇ. ಉಳಿದ ಹನ್ನೊಂದು ಜನ ಅವರು ಕೊಯ್ದದ್ದನ್ನು ಎಳೆದು ಪಕ್ಕಕ್ಕೆ ಹಾಕುವುದು. 'ನನಗೂ ಬರುತ್ತದೆ, ಒಂದು ಮಿಷನ್ ಕೊಡಿ' ಅಂದೆ. ಆ ಮುಖಂಡ ನಕ್ಕು, 'ಕಾರ್ಡ್ ಇದೆಯಾ?' ಅಂದ. ಇಲ್ಲ ಅಂದಿದ್ದಕ್ಕೆ ಕೈಗೆ ಒಂದು ಜೊತೆ ಗ್ಲೌಸ್ ಕೊಟ್ಟ. ಐದು ಗಂಟೆ ಒದ್ದೆ ಕೊಂಬೆ ಎಳೆದೆ. ಸೊಂಟ ಇನ್ನೂ ನೋಯುತ್ತಿದೆ. ಐದು ಗಂಟೆಯಲ್ಲಿ ಬಿಡಿಸಿದ್ದು ಅರ್ಧ ಮೈಲಿಯೂ ಇಲ್ಲ.

ಪುಕ್ಕಟೆ ಕೆಲಸಕ್ಕೆ ಬಂದವರನ್ನು ಹೀಗೆ ನಡೆಸಿಕೊಳ್ಳುವುದು ಸರಿಯಾ? ನಾನೇ ಒಂದು ಮಿಷನ್ ತಗೊಂಡು ವಾರದ ಮಧ್ಯೆ ಹೋಗಿ ಕೊಯ್ದುಬಿಡಲಾ ಅನ್ನಿಸಿದೆ. ಯಾರಿಗಾದರೂ ಈ ಅನುಭವ ಆಗಿದೆಯಾ?

ಗೇರ್‌ತಪ್ಪಿದವ

ಅಮೆರಿಕದಲ್ಲಿ ಚಾಕುವಿನಲ್ಲಿ ಮಾವಿನಕಾಯಿ ಹೆಚ್ಚಲಿಕ್ಕೂ ಕಾರ್ಡ್ ಕೇಳುತ್ತಾರೆ ಗುರು. ಸುಮ್ನೆ ಹೋಗಿ ಕೊಯ್ದು ಬನ್ನಿ, ಯಾರು ನೋಡುತ್ತಾರೆ.

ಬೆಣೆ

ಮೂಡಿಗೆರೆಯವರೇ, ನಾನೂ ಇಸಾಕ್ವಾ ಕಡೆಯೇ ಹತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಕಾರ್ಡೂ ಇದೆ. ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಮೊದಲ ವರ್ಷ ನಾನೂ ಹೀಗೇ ಉರಿದುಕೊಂಡಿದ್ದೆ. ಆದರೆ ದಯವಿಟ್ಟು ಒಬ್ಬರೇ ಹೋಗಬೇಡಿ. ಮೇಲೆ ಬರೆದವರ ಮಾತು ಕೇಳಬೇಡಿ.

ನಿಂತ ಮರ ಕಡಿಯುವುದಕ್ಕೂ ಗಾಳಿಗೆ ಬಿದ್ದ ಮರ ಕೊಯ್ಯುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಬಿದ್ದ ಮರ ಸತ್ತು ಮಲಗಿದ ಹಾಗೆ ಕಾಣುತ್ತದೆ. ಆದರೆ ಅದು ಬಾಗಿಸಿ ಕಟ್ಟಿದ ಬಿಲ್ಲು. ಒಂದು ಕಬ್ಬಿನ ಜಲ್ಲೆಯನ್ನು ಎರಡು ಸ್ಟೂಲಿನ ಮೇಲೆ ಅಡ್ಡ ಇಟ್ಟು ನಡುವೆ ಒತ್ತಿ ನೋಡಿ. ಮೇಲಿನ ಸಿಪ್ಪೆ ಒತ್ತಿಕೊಳ್ಳುತ್ತದೆ, ಕೆಳಗಿನದು ಬಿರಿಯುತ್ತದೆ. ದಾರಿಗೆ ಅಡ್ಡ ಬಿದ್ದು ಎರಡೂ ತುದಿ ದಿಬ್ಬದ ಮೇಲೆ ಕೂತ ಮರವೂ ಹಾಗೇ. ಮೇಲಿನಿಂದ ಪೂರ್ತಿ ಕೊಯ್ಯಲು ಹೋದರೆ ಸೀಳು ಮುಚ್ಚಿಕೊಂಡು ಮಿಷನ್ ಪಟ್ಟಿ ಕಚ್ಚಿಕೊಳ್ಳುತ್ತದೆ. ಅದಕ್ಕೇ ಮೇಲಿನಿಂದ ಮೂರನೇ ಒಂದು ಭಾಗ ಕೊಯ್ದು, ಪ್ಲಾಸ್ಟಿಕ್ ಬೆಣೆ ಹೊಡೆದು, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ತರುವುದು. ಒಂದು ತುದಿ ಗಾಳಿಯಲ್ಲಿದ್ದರೆ ಲೆಕ್ಕ ತಲೆಕೆಳಗು. ಇಳಿಜಾರಿನಲ್ಲಿ ಪಕ್ಕಕ್ಕೆ ಬಾಗಿ ಇನ್ನೊಂದು ಮರಕ್ಕೆ ಸಿಕ್ಕಿಕೊಂಡಿದ್ದರೆ ಅದು ಮೂರನೇ ಲೆಕ್ಕ. ನೀವು ಯಾವ ಬದಿ ನಿಂತಿದ್ದೀರಿ ಅನ್ನುವುದರ ಮೇಲೆ ನಿಮ್ಮ ಕಾಲು ಉಳಿಯುತ್ತದೆ.

ದೊಡ್ಡ ಮರದ ಅಡಿ ಸಿಕ್ಕಿ ಬಾಗಿದ ಸಣ್ಣ ಗಿಡಗಳು ಇನ್ನೂ ಮೋಸ. ಕೈಯಷ್ಟು ದಪ್ಪ ಇರುತ್ತವೆ, ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಬಿಡುಗಡೆ ಆದಾಗ ದವಡೆಗೆ ಬಡಿಯುತ್ತವೆ.

ಈ ರಾಷ್ಟ್ರೀಯ ಅರಣ್ಯಗಳಲ್ಲಿ ಗರಗಸ ಹಿಡಿಯುವವರಿಗೆ ಎ, ಬಿ, ಸಿ ಅಂತ ದರ್ಜೆ ಇದೆ, ಕಾರ್ಡ್ ಅಂದರೆ ಅದೇ. ಎ ಅಂದರೆ ಮೇಲಿನ ದರ್ಜೆಯವರು ಪಕ್ಕದಲ್ಲಿ ನಿಂತಿರುವಾಗ ಮಾತ್ರ ಕೊಯ್ಯಬಹುದು. ತರಗತಿ, ಕಾಡಿನಲ್ಲಿ ಪರೀಕ್ಷೆ, ಪ್ರಥಮ ಚಿಕಿತ್ಸೆ ತರಬೇತಿ ಎಲ್ಲ ಆಗಬೇಕು. ಮೂರು ವರ್ಷಕ್ಕೊಮ್ಮೆ ಮತ್ತೆ. ಕೌಂಟಿ, ರಾಜ್ಯದ ಕಾಡುಗಳಲ್ಲೂ ಇದೇ ಥರ ಕೇಳುತ್ತಾರೆ. ಕೊಯ್ಯುವ ಮೊದಲು ಐದು ವಿಷಯ ಬಾಯಿಬಿಟ್ಟು ಹೇಳಬೇಕು: ಆಗಬೇಕಾದ ಕೆಲಸ ಏನು, ಅಪಾಯ ಏನೇನು, ಮರ ಎಲ್ಲಿ ಬಿಗಿದಿದೆ, ಓಡುವ ದಾರಿ ಯಾವುದು, ಎಲ್ಲಿಂದ ಕೊಯ್ಯುವುದು. ನಾಲ್ಕನೆಯದನ್ನು ನಮ್ಮೂರಲ್ಲಿ ಯಾರಾದರೂ ಯೋಚಿಸಿದ್ದನ್ನು ನೋಡಿದ್ದೀರಾ?

ಮೂಡಿಗೆರೆಮಳೆ

ಬೆಣೆ ಸರ್, ನೀವು ಹೇಳಿದ್ದು ಸರಿ ಇರಬಹುದು. ಆದರೆ ನಮ್ಮ ತೋಟದ ಮೇಸ್ತ್ರಿಗೆ ಯಾವ ಕಾರ್ಡೂ ಇರಲಿಲ್ಲ. ಮೂವತ್ತು ವರ್ಷ ಕೊಯ್ದ. ಮರ ನೋಡಿದ ತಕ್ಷಣ ಎತ್ತ ಬೀಳುತ್ತದೆ ಅಂತ ಹೇಳುತ್ತಿದ್ದ.

ಅಡಿಕೆತೋಟ

ಆ ಮೇಸ್ತ್ರಿಗೆ ಎಷ್ಟು ಬೆರಳಿದ್ದವು ಮಾರಾಯ್ರೆ?

ಮೂಡಿಗೆರೆಮಳೆ

ಎಂಟೂವರೆ.

ಅಡಿಕೆತೋಟ

ತಮಾಷೆಗೆ ಕೇಳಿದ್ದು, ನೀವು ಉತ್ತರವನ್ನೇ ಕೊಟ್ಟುಬಿಟ್ಟಿರಿ.

ನಾನು ತೀರ್ಥಹಳ್ಳಿ ಕಡೆಯವ, ಊರಲ್ಲೇ ಇರುವವ. ಒಂದು ಹೇಳುತ್ತೇನೆ. ಐದಾರು ವರ್ಷದ ಹಿಂದೆ ಆಗಸ್ಟ್ ಮಳೆಗೆ ನಮ್ಮ ಮನೆ ಹಿಂದಿನ ಹಲಸು ಬೇರು ಸಮೇತ ಮಗುಚಿತ್ತು. ಬುಡದ ಮಣ್ಣು, ಬೇರು ಎಲ್ಲ ಸೇರಿ ಗೋಡೆ ಥರ ಎದ್ದು ನಿಂತಿತ್ತು. ಅದರ ಹಿಂದೆ ದೊಡ್ಡ ಹೊಂಡ. ಮಳೆ ಜೋರು. ಕೊಯ್ಯಲು ಬಂದ ಹುಡುಗರು ಆ ಬೇರಿನ ಮರೆಯಲ್ಲಿ ಒಣಗಿದೆ ಅಂತ ಫ್ಲಾಸ್ಕು, ಕತ್ತಿ, ಒಂದು ಜೊತೆ ಚಪ್ಪಲಿ ಇಟ್ಟರು. ಒಬ್ಬ ಅಲ್ಲೇ ಕೂತು ಬೀಡಿ ಹಚ್ಚಿದ್ದ. ನಮ್ಮಮ್ಮ ಹಿಂದಿನ ಬಾಗಿಲಿನಿಂದ 'ಎದ್ದು ಬಾರೋ, ಚಾ ಆರುತ್ತದೆ' ಅಂತ ಕೂಗಿದರು. ಅವನು ಎದ್ದು ಬಂದ.

ಬುಡದಿಂದ ನಾಲ್ಕು ಅಡಿಗೆ ಕೊಯ್ದರು. ತುಂಡಾಗಿದ್ದೇ ತಡ, ಬುಡ ಎದ್ದು ನಿಂತಿತು. ಹಲಸಿನ ಮೊಂಡು ಮೊದಲಿದ್ದ ಜಾಗದಲ್ಲೇ ನೆಟ್ಟಗೆ, ಏನೂ ಆಗಿಲ್ಲ ಎನ್ನುವ ಹಾಗೆ. ಹೊಂಡ ಮುಚ್ಚಿಹೋಯಿತು. ಫ್ಲಾಸ್ಕು, ಕತ್ತಿ, ಚಪ್ಪಲಿ ಇವತ್ತಿಗೂ ಅದರ ಅಡಿಯಲ್ಲಿವೆ. ಆ ಮೊಂಡು ಚಿಗುರಿದೆ ಕೂಡ.

ಹುಡುಗ ಚಾ ಲೋಟ ಹಿಡಿದುಕೊಂಡು ಅರ್ಧ ಗಂಟೆ ಮಾತಾಡಲಿಲ್ಲ.

ಬೆಣೆ

ಇದನ್ನೇ ಇಲ್ಲಿ ಮೊದಲ ದಿನ ಪಾಠ ಮಾಡುತ್ತಾರೆ. ಬೇರಿನ ಹಿಂದೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳದೆ ಬುಡದ ಹತ್ತಿರ ಮಿಷನ್ ಇಡುವ ಹಾಗಿಲ್ಲ. ನಿಮ್ಮ ತಾಯಿಯವರಿಗೆ ನಮಸ್ಕಾರ ಹೇಳಿ.

ತುರಹಳ್ಳಿಧೂಳು

ಬೆಂಗಳೂರಿನ ಕಡೆಯಿಂದ ಎರಡು ಮಾತು. ನಿಮಗೆಲ್ಲ ಕೊಂಬೆ ಎಳೆಯಲಾದರೂ ಕರೆಯುತ್ತಾರೆ. ನಮಗೆ ಅದೂ ಇಲ್ಲ. ಬನಶಂಕರಿ ಆಚೆಯ ತುರಹಳ್ಳಿಯಲ್ಲಿ ನಾವು ಸೈಕಲ್ ಕಲಿತವರು. ಬಂಡೆ, ಕೆಮ್ಮಣ್ಣು, ನೀಲಗಿರಿ. ಬೆಳಗ್ಗೆ ಆರಕ್ಕೆ ಹೋದರೆ ನವಿಲು. ಮೇ ತಿಂಗಳ ಗಾಳಿ ಮಳೆಗೆ ಒಂದು ನೀಲಗಿರಿ ದಾರಿಗೆ ಅಡ್ಡ ಬಿದ್ದಿತ್ತು. ತೊಡೆ ಗಾತ್ರ ಅಷ್ಟೇ. ನಾಲ್ಕು ಜನ ಸೇರಿ ಎತ್ತಿ ಪಕ್ಕಕ್ಕಿಡೋಣ ಅಂತ ಶುರು ಮಾಡಿದೆವು. ಅಷ್ಟರಲ್ಲಿ ಒಬ್ಬರು ಬಂದು, 'ಮುಟ್ಟಬೇಡಿ, ಕೇಸ್ ಆಗುತ್ತೆ' ಅಂದರು. ಸರಿ, ಬರೆದು ಕೊಡೋಣ ಅಂತ ಸಂಬಂಧಪಟ್ಟ ಕಚೇರಿಗೆ ಹೋದರೆ ಇದು ನಮ್ಮ ವ್ಯಾಪ್ತಿ ಅಲ್ಲ, ಅಲ್ಲಿ ಕೇಳಿ ಅಂದರು. ಅಲ್ಲಿ ಹೋದರೆ ಇಲ್ಲಿ ಅಂದರು. ಮರ ದಸರಾ ತನಕ ಅಲ್ಲೇ ಇತ್ತು. ಆಮೇಲೆ ಒಂದು ದಿನ ನೋಡಿದರೆ ಯಾರೋ ಸೌದೆಗೆ ಒಯ್ದಿದ್ದರು. ಆ ಪುಣ್ಯಾತ್ಮರು ಯಾರ ಅನುಮತಿಯನ್ನೂ ಕೇಳಿರಲಿಲ್ಲ, ಅಲ್ವಾ.

ಹಾಗಂತ ನಮಗೆ ಕಾಡಿನ ಮೇಲೆ ಪ್ರೀತಿ ಇಲ್ಲ ಅನ್ನಬೇಡಿ. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುತ್ತೇವೆ ಅಂದಾಗ ಬೇಡ ಅಂತ ಬೀದಿಗೆ ಬಂದವರಲ್ಲಿ ಸೈಕಲ್ಲಿನವರೂ ಇದ್ದೆವು.

ವಕೀಲಸವಾರ

ತುರಹಳ್ಳಿಯವರೇ, ನಿಮಗೆ 'ಮುಟ್ಟಬೇಡಿ' ಅಂದವರು ಹೇಳಿದ್ದು ಕಾನೂನಿನ ಪ್ರಕಾರ ಸರಿಯೇ. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಮೀಸಲು ಅರಣ್ಯದ ಮರ ನಿಂತಿದ್ದರೂ ಬಿದ್ದಿದ್ದರೂ ಸರ್ಕಾರದ್ದೇ. ಬಿದ್ದಿದೆ ಅಂತ ಕೊಯ್ದರೆ, ಸಾಗಿಸಿದರೆ ತಪ್ಪು. ಊರಿನೊಳಗೆ, ಖಾಸಗಿ ಜಾಗದಲ್ಲಿ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ವೃಕ್ಷ ಅಧಿಕಾರಿಯ ಅನುಮತಿ ಬೇಕು. ಬಿದ್ದದ್ದು ಬೀಟೆಯೋ ಗಂಧವೋ ಆದರೆ ಹತ್ತಿರ ನಿಂತು ಸೆಲ್ಫಿಯೂ ತೆಗೆಯಬೇಡಿ.

ಅಮೆರಿಕದ್ದು ಬೇರೆ ಥರ. ಅಲ್ಲಿ 1972ರಲ್ಲೇ ರಾಷ್ಟ್ರೀಯ ಅರಣ್ಯಗಳಲ್ಲಿ ಸ್ವಯಂಸೇವಕರನ್ನು ಸೇರಿಸಿಕೊಳ್ಳಲು ಒಂದು ಕಾಯ್ದೆ ಮಾಡಿದರು. ಹೆಸರು ಬರೆಸಿ ಕೆಲಸಕ್ಕೆ ಹೋದವನಿಗೆ ಪೆಟ್ಟಾದರೆ ಸರ್ಕಾರಿ ನೌಕರನಿಗೆ ಸಿಗುವ ಚಿಕಿತ್ಸೆಯ ರಕ್ಷಣೆ ಅವನಿಗೂ ಸಿಗುತ್ತದೆ. ಮೂಡಿಗೆರೆಯವರು ವಾರದ ಮಧ್ಯೆ ಒಬ್ಬರೇ ಹೋಗಿ ಕಾಲು ಕೊಯ್ದುಕೊಂಡರೆ ಯಾರೂ ಇಲ್ಲ. ಆಸ್ಪತ್ರೆ ಬಿಲ್ಲು ನೋಡಿ ಆಮೇಲೆ ಮಾತಾಡೋಣ.

ಗೇರ್‌ತಪ್ಪಿದವ

ವಕೀಲರು ಬಂದರು, ಚರ್ಚೆ ಮುಗಿಯಿತು.

ನಡೆಯುವವಳು

ಮುಗಿದಿಲ್ಲ. ನಾನು ಸೈಕಲ್ ತುಳಿಯುವವಳಲ್ಲ, ಅದೇ ಗುಡ್ಡಗಳಲ್ಲಿ ನಡೆಯುವವಳು. ನಿಮ್ಮವರಿಗೆ ಒಂದು ಪ್ರಶ್ನೆ. ಮರ ಬಿದ್ದ ಮಾರನೇ ದಿನವೇ ಅದರ ಪಕ್ಕದಲ್ಲಿ ಹೊಸ ದಾರಿ ಹುಟ್ಟಿರುತ್ತದಲ್ಲ, ಅದನ್ನು ಮಾಡಿದವರು ಯಾರು? ಜರಿಗಿಡ ತುಳಿದುಕೊಂಡು, ಒದ್ದೆ ಮಣ್ಣು ಉತ್ತ ಹಾಗೆ ಚಕ್ರದ ಗುರುತು. ಮೊದಲ ವಾರ ಒಂದು ಅಡಿ ಅಗಲ. ಎರಡನೇ ವಾರ ಮೂರು ಅಡಿ. ಮಳೆ ನೀರು ಅದರಲ್ಲೇ ಹರಿಯಲು ಶುರು. ಮರ ತೆಗೆದ ಮೇಲೂ ಆ ಕೊರಕಲು ವರ್ಷಗಟ್ಟಲೆ ಉಳಿಯುತ್ತದೆ. ದಾರಿ ಮುಚ್ಚಿದೆ ಅಂತ ಬೋರ್ಡ್ ಹಾಕಿದ್ದರೂ ಟೇಪ್ ಎತ್ತಿ ನುಗ್ಗುವುದನ್ನು ಕಣ್ಣಾರೆ ನೋಡಿದ್ದೇನೆ.

ಚೈನ್‌ಲೂಬ್

ಅಕ್ಕಾ, ನಡೆಯುವವರೂ ಸುತ್ತು ಹಾಕಿಯೇ ಹೋಗುತ್ತಾರೆ. ಚಕ್ರದ ಗುರುತು ಕಾಣುತ್ತದೆ, ಬೂಟಿನದು ಕಾಣುವುದಿಲ್ಲ ಅಷ್ಟೇ.

ನಡೆಯುವವಳು

ಬೂಟಿನದೂ ಕಾಣುತ್ತದೆ. ನಾನು ನೋಡುತ್ತೇನೆ.

ಬೆಣೆ

ಇಬ್ಬರೂ ಹೇಳುವುದು ನಿಜ. ಅದಕ್ಕೇ ಗಾಳಿ ಬಂದ ಮೇಲೆ ಬೇಗ ಬಿಡಿಸುವುದು ಮುಖ್ಯ. ಸವಾರರ ಆತುರಕ್ಕಲ್ಲ, ಪಕ್ಕದ ಮಣ್ಣು ಉಳಿಸಲಿಕ್ಕೆ. ನಾವು ಒಂದು ಮರ ತೆಗೆದಾದ ಮೇಲೆ ಆ ಸುತ್ತುದಾರಿಯ ಮೇಲೆ ಕೊಂಬೆಗಳನ್ನು ಅಡ್ಡ ಹರಡುತ್ತೇವೆ. ಎಲೆ, ತರಗು ಎಳೆದು ಮುಚ್ಚುತ್ತೇವೆ. ಮೂಡಿಗೆರೆಯವರೇ, ನೀವು ಎಳೆದ ಕೊಂಬೆ ಎಲ್ಲಿಗೆ ಹಾಕಿಸಿದರು ನೆನಪಿದೆಯಾ? ಎಲ್ಲೆಂದರಲ್ಲಿ ಹಾಕಲು ಬಿಟ್ಟಿರಲಿಕ್ಕಿಲ್ಲ.

ಮೂಡಿಗೆರೆಮಳೆ

ಹೌದು ಸರ್. ಆಗ ಅದೂ ಒಂದು ಕಿರಿಕಿರಿ ಅನ್ನಿಸಿತ್ತು. ಹತ್ತಿರದಲ್ಲೇ ಬಿಸಾಡಿದರೆ ಇಲ್ಲ, ಅಲ್ಲಿ ಹಾಕು, ಕೊಯ್ದ ಬಿಳಿ ಮುಖ ದಾರಿಗೆ ಕಾಣದ ಹಾಗೆ ತಿರುಗಿಸು ಅಂತ.

ಚೈನ್‌ಲೂಬ್

ನನ್ನದೊಂದು ಬೇರೆ ಅಭಿಪ್ರಾಯ. ಎಲ್ಲ ಮರ ಯಾಕೆ ತೆಗೆಯಬೇಕು? ಮೊಣಕಾಲೆತ್ತರದ ದಿಮ್ಮಿ ಇದ್ದರೆ ಹಾರಿಸಿಕೊಂಡು ಹೋಗುವುದರಲ್ಲೇ ಮಜಾ. ಇದು ಬೆಟ್ಟದ ಸೈಕಲ್, ಲಾಲ್‌ಬಾಗ್ ವಾಕಿಂಗ್ ಅಲ್ಲ.

ಎರಡನೇಬ್ರೇಕ್

ನಿಮಗೆ ಮಜಾ. ಹಿಂದೆ ಬರುವ ಹನ್ನೆರಡು ವರ್ಷದ ನನ್ನ ಮಗಳಿಗೆ ಆಸ್ಪತ್ರೆ. ತಿರುವಿನಾಚೆ ಇಳಿಜಾರಿನಲ್ಲಿ ಅಡ್ಡ ಬಿದ್ದದ್ದು ಕೊನೇ ಕ್ಷಣದ ತನಕ ಕಾಣುವುದಿಲ್ಲ. ಹಾರಲು ದಿಮ್ಮಿ ಬೇಕಾದರೆ ಡುಥಿ ಹಿಲ್‌ಗೆ ಹೋಗಿ. 2010ರಲ್ಲಿ ಸೈಕಲ್ಲಿಗೇ ಅಂತ ತೆರೆದ ಪಾರ್ಕು. 120 ಎಕರೆ ಇದೆ, ಹಾರಿ.

ಮತ್ತೆ ಒಂದು ವಿನಂತಿ ಮರ ಕೊಯ್ಯುವವರಿಗೆ. ಅಗಲ ನೋಡಿ ಕೊಯ್ಯಿರಿ ಮಾರಾಯ್ರೆ. ಈಗಿನ ಹ್ಯಾಂಡಲ್ ಬಾರ್ 78, 80 ಸೆಂಟಿಮೀಟರ್ ಬರುತ್ತದೆ. ಯಾರೋ ಪುಣ್ಯಾತ್ಮ ಎರಡೂವರೆ ಅಡಿಗೆ ಕೊಯ್ದು ಹೋಗಿದ್ದ. ಎರಡೂ ಕಡೆ ದಿಮ್ಮಿಯ ಮುಖ, ನಡುವೆ ನಾನು. ಎಡಗೈ ಕಿರುಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ.

ಧಾರವಾಡಮಂದಿ

ಮಧ್ಯೆ ಬರ್ತೀನಿ, ಕ್ಷಮಿಸ್ರಿ. ತೋಟಕ್ಕ ಒಂದು ಮಿಷನ್ ತಗೋಬೇಕು ಅಂತೀನಿ. ಯಾವುದು ಛಲೋ?

ಚೈನ್‌ಲೂಬ್

ಸ್ಟಿಲ್.

ಉಂಬಳ

ಹಸ್ಕ್ವರ್ನಾ. ಬೇರೆ ಮಾತೇ ಇಲ್ಲ.

ಚೈನ್‌ಲೂಬ್

ಸ್ಟಿಲ್ ಸರ್ವಿಸ್ ತಾಲ್ಲೂಕು ಊರುಗಳಲ್ಲೂ ಸಿಗುತ್ತದೆ. ಬಿಡಿ ಭಾಗ ಸಿಗದ ಮಿಷನ್ ಇಟ್ಟುಕೊಂಡು ಪೂಜೆ ಮಾಡುತ್ತೀರಾ?

ಉಂಬಳ

ಬಿಡಿ ಭಾಗ ಬೇಕಾಗುವ ಮಿಷನ್‌ಗೆ ಅಂಗಡಿ ಹತ್ತಿರ ಇರಬೇಕು, ಸರಿಯೇ.

ಅಡಿಕೆತೋಟ

ಯಾವುದೇ ತಗೊಳ್ಳಿ ರೀ, ಚೈನಿಗೆ ಗ್ಯಾರೇಜಿನ ಸುಟ್ಟ ಆಯಿಲ್ ಹಾಕಬೇಡಿ. ನಮ್ಮ ಕಡೆ ಎಲ್ಲರೂ ಹಾಕುವುದು ಅದನ್ನೇ. ಉಳಿಯುವುದು ಲೀಟರಿಗೆ ನಾಲ್ಕು ಕಾಸು. ಮಿಷನ್ ಓಡುವಾಗ ಆ ಆಯಿಲ್ ಪೂರಾ ಹಾರಿ ಬೀಳುವುದು ನಿಮ್ಮ ಮುಖಕ್ಕೆ, ತೋಟದ ಮಣ್ಣಿಗೆ, ಕೆಳಗಿನ ಹಳ್ಳಕ್ಕೆ. ನಾನೂ ಹತ್ತು ವರ್ಷ ಹಾಕಿದವನೇ.

ಬೆಣೆ

ನಮ್ಮ ಗುಂಪಿನಲ್ಲಿ ಕೆಲವರು ಅಡುಗೆ ಎಣ್ಣೆಯನ್ನೇ ಹಾಕುತ್ತಾರೆ. ಮಿಷನ್ ನಿಂತ ಮೇಲೆ ಬೋಂಡ ಕರಿದ ವಾಸನೆ ಬರುತ್ತದೆ. ಹಸಿವು ಜಾಸ್ತಿ ಆಗುತ್ತದೆ, ಅದೊಂದೇ ತೊಂದರೆ.

ಧಾರವಾಡದವರೇ, ಮಿಷನ್ ಯಾವುದಾದರೂ ಸರಿ, ಜೊತೆಗೆ ತೊಡೆಗೆ ಕಟ್ಟಿಕೊಳ್ಳುವ ಚಾಪ್ಸ್ ತಗೊಳ್ಳಿ. ಚೌಕಾಶಿ ಮಾಡುವುದಾದರೆ ಮಿಷನ್ ಬೆಲೆಯಲ್ಲಿ ಮಾಡಿ. ಕಳೆದ ವರ್ಷ ನಮ್ಮ ಗುಂಪಿನ ಒಬ್ಬರದು ತೊಡೆಗೆ ತಗುಲಿತು. ಆಯಾಸ, ಸಂಜೆ ನಾಲ್ಕು ಗಂಟೆ, ಕೊನೇ ಮರ. ಹೊರಬಟ್ಟೆ ಒಂದು ಗೇಣು ಸೀಳಿತ್ತು. ಒಳಗಿನ ನಾರು ತೆಂಗಿನ ಸಿಪ್ಪೆ ಬಿಡಿಸಿದ ಹಾಗೆ ಹೊರಗೆ ಬಂದು ಚೈನಿಗೆ ಸುತ್ತಿಕೊಂಡು ಮಿಷನ್ ಅಲ್ಲೇ ನಿಂತುಹೋಗಿತ್ತು. ಆ ನಾರು ಬಿಡಿಸಲು ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ತೊಡೆಯ ಮೇಲೆ ಒಂದು ಗೀರೂ ಇರಲಿಲ್ಲ.

ಇಡ್ಲಿಹಿಟ್ಟು

ಯಾರಿಗಾದರೂ ಮರ ಬಿಟ್ಟು ಬೇರೆ ನೆನಪಿದೆಯಾ? ನಮ್ಮದು ಇಸಾಕ್ವಾ. ಆ ಮಂಗಳವಾರ ಸಂಜೆ ಇಡ್ಲಿಗೆ ರುಬ್ಬಿಟ್ಟಿದ್ದೆ. ರಾತ್ರಿ ಕರೆಂಟ್ ಹೋಯಿತು. ಮನೆ ಫ್ರಿಜ್ಜಿಗಿಂತ ತಣ್ಣಗಾಯಿತು. ಹಿಟ್ಟು ಐದು ದಿನ ಉಬ್ಬಲೇ ಇಲ್ಲ. ಪಕ್ಕದ ಮನೆಯ ಅಜ್ಜಿ ಕ್ಯಾಂಪಿಂಗ್ ಒಲೆ ಕೊಟ್ಟರು, ಮನೆ ಮುಂದಿನ ಮೆಟ್ಟಿಲ ಮೇಲೆ ಕೂತು ಅದೇ ಹಿಟ್ಟಿನಲ್ಲಿ ದೋಸೆ ಹುಯ್ದೆ. ಬೀದಿಯವರೆಲ್ಲ ತಿಂದರು.

ಚೈನ್‌ಲೂಬ್

ಒಳಗೇ ಮಾಡಬಹುದಿತ್ತಲ್ಲ, ಆ ಚಳಿಯಲ್ಲಿ ಹೊರಗೆ ಯಾಕೆ?

ಇಡ್ಲಿಹಿಟ್ಟು

ಅಯ್ಯೋ, ಖಂಡಿತ ಬೇಡ. 2006ರ ಡಿಸೆಂಬರ್ ಗಾಳಿಯಲ್ಲಿ ಇಲ್ಲಿ ಮರ ಬಿದ್ದು ಸತ್ತವರ ಜೊತೆ ಮನೆಯೊಳಗೆ ಇದ್ದಿಲು ಹಚ್ಚಿ, ಜನರೇಟರ್ ಓಡಿಸಿ ಸತ್ತವರೂ ಇದ್ದರು. ಹೊರದೇಶಗಳಿಂದ ಬಂದವರೇ ಜಾಸ್ತಿ. ಸಿಯಾಟಲ್ ಟೈಮ್ಸ್ ಮುಖಪುಟದಲ್ಲೇ ಹಲವು ಭಾಷೆಗಳಲ್ಲಿ ಎಚ್ಚರಿಕೆ ಹಾಕಿತ್ತು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ವಾಸನೆ ಇರುವುದಿಲ್ಲ. ಗ್ಯಾಸ್, ಇದ್ದಿಲು, ಜನರೇಟರ್ ಎಲ್ಲ ಮನೆಯಿಂದ ಹೊರಗೇ ಇರಬೇಕು. ಗ್ಯಾರೇಜ್ ಬಾಗಿಲು ತೆಗೆದಿದ್ದರೂ ಅದು ಒಳಗೇ ಲೆಕ್ಕ.

ಗಾಳಿಲೆಕ್ಕ

ಇಷ್ಟು ಮರ ಯಾಕೆ ಬಿತ್ತು ಅಂತ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಇಲ್ಲಿ ಚಳಿಗಾಲದ ಜೋರು ಗಾಳಿ ಸಾಮಾನ್ಯವಾಗಿ ದಕ್ಷಿಣ, ನೈರುತ್ಯದಿಂದ ಬರುತ್ತದೆ. ಮರಗಳು ಚಿಕ್ಕಂದಿನಿಂದ ಆ ದಿಕ್ಕಿನ ತಳ್ಳಾಟಕ್ಕೇ ಬೇರು ಬಿಟ್ಟು ಗಟ್ಟಿಯಾಗಿರುತ್ತವೆ. ನವೆಂಬರ್ 19ರಂದು ಸಮುದ್ರದ ಮೇಲೆ ಭಾರೀ ಕಡಿಮೆ ಒತ್ತಡ, ಕ್ಯಾಸ್ಕೇಡ್ ಬೆಟ್ಟಸಾಲಿನ ಪೂರ್ವಕ್ಕೆ ಜಾಸ್ತಿ ಒತ್ತಡ. ಗಾಳಿ ಪೂರ್ವದಿಂದ ಕಣಿವೆಗಳಲ್ಲಿ ಇಳಿದು ಬಂತು. ಬೆಟ್ಟದ ಬುಡದ ಈನಮ್‌ಕ್ಲಾದಲ್ಲಿ ಗಂಟೆಗೆ 70 ಮೈಲಿ ದಾಟಿದ ಬೀಸು ದಾಖಲಾಯಿತು. ಮರಗಳಿಗೆ ಇದು ಬೆನ್ನಿಂದ ಬಿದ್ದ ಏಟು. ನೆಲವೂ ಒದ್ದೆ. ಸುಮಾರು 6 ಲಕ್ಷ ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು.

ನೀವು ಬಿದ್ದ ಮರಗಳ ತಲೆ ಯಾವ ಕಡೆ ಇದೆ ನೋಡಿ, ಬಹಳಷ್ಟು ಪಶ್ಚಿಮಕ್ಕೇ ಇರುತ್ತವೆ.

ಎರಡನೇಬ್ರೇಕ್

ಹೌದು! ನಮ್ಮ ಬೀದಿಯಲ್ಲೂ ಎಲ್ಲ ಒಂದೇ ಕಡೆ, ಬಾಚಿದ ಹಾಗೆ.

ಉಂಬಳ

ಜಾತಿಯ ಪ್ರಶ್ನೆಯೂ ಇದೆ. ಹೆಮ್ಲಾಕ್ ಬೇರು ಮೇಲುಮೇಲೆ. ಆಲ್ಡರ್ ಅರವತ್ತು, ಎಂಬತ್ತು ವರ್ಷಕ್ಕೆ ಮುದಿ. ಡಗ್ಲಸ್ ಫರ್ ಗಟ್ಟಿ ಅನ್ನುತ್ತಾರೆ, ಆದರೆ ಅದರ ಬೇರಿಗೆ ಒಂದು ಕೊಳೆರೋಗ ಬರುತ್ತದೆ. ಹೊರಗೆ ಹಸಿರಾಗೇ ಇರುತ್ತದೆ, ಬಿದ್ದಾಗ ನೋಡಿದರೆ ಬೇರು ಮೋಟು.

ತುರಹಳ್ಳಿಧೂಳು

ನಮ್ಮ ಬೆಂಗಳೂರಿನ ಗುಲ್‌ಮೊಹರ್, ಸ್ಪ್ಯಾಥೋಡಿಯಾ ಥರ. ಸುತ್ತ ಕಾಂಕ್ರೀಟ್ ಹಾಕಿ, ಕೇಬಲ್ಲಿಗೆ ಅಂತ ಬೇರು ಕಡಿದು, ಮೇ ತಿಂಗಳಲ್ಲಿ ಕಾರಿನ ಮೇಲೆ ಬಿದ್ದಾಗ ಮರವನ್ನೇ ಬೈಯುತ್ತೇವೆ.

ನಡೆಯುವವಳು

ಇನ್ನೊಂದು ಮಾತು. ದಯವಿಟ್ಟು ದಾರಿಯ ಆಚೆ ಬಿದ್ದದ್ದನ್ನು ಸ್ವಚ್ಛ ಮಾಡಲು ಹೋಗಬೇಡಿ. ಇಲ್ಲಿನ ಕಾಡಲ್ಲಿ ಬಿದ್ದ ದಿಮ್ಮಿಯ ಬೆನ್ನ ಮೇಲೇ ಹೆಮ್ಲಾಕ್ ಸಸಿಗಳು ಹುಟ್ಟುತ್ತವೆ. ಸಾಲಾಗಿ ನಿಂತಿರುತ್ತವೆ, ಬಸ್ಸಿಗೆ ಕಾಯುವ ಮಕ್ಕಳ ಹಾಗೆ. ನೂರು ವರ್ಷವಾದ ಮೇಲೆ ದಿಮ್ಮಿ ಕರಗಿ ಹೋಗಿ ಮರಗಳು ಕಾಲೂರಿ ಎತ್ತರದಲ್ಲಿ ನಿಂತಿರುತ್ತವೆ, ಅಡಿಯಲ್ಲಿ ಟೊಳ್ಳು. ನನ್ನ ಮಗ ಅದರೊಳಗೆ ನುಸುಳಿ ಆಚೆ ಬರುತ್ತಾನೆ.

ಗೇರ್‌ತಪ್ಪಿದವ

ಅಂದರೆ ಸೌದೆಗೂ ತರುವ ಹಾಗಿಲ್ಲ?

ವಕೀಲಸವಾರ

ಇಲ್ಲ. ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಅನುಮತಿ ಚೀಟಿ ಬೇಕು.

ಗೇರ್‌ತಪ್ಪಿದವ

ನಿಮ್ಮನ್ನು ಪಿಕ್ನಿಕ್ಕಿಗೆ ಯಾರೂ ಕರೆಯುವುದಿಲ್ಲ ಅಲ್ವಾ ಸರ್?

ಉಂಬಳ

ಮಿಷನ್ ಮಿಷನ್ ಅಂತ ಇಷ್ಟು ಮಾತು. ಇನ್ನೂ ಒಳಗಿನ ವಿಲ್ಡರ್‌ನೆಸ್ ಅಂತ ಗುರುತಿಸಿದ ಕಾಡುಗಳಲ್ಲಿ ಮಿಷನ್ನೇ ಇಲ್ಲ, ಗೊತ್ತಾ? 1964ರ ಕಾಯ್ದೆ. ಮೋಟಾರ್ ಇರುವ ಯಾವುದೂ ಒಳಗೆ ಹೋಗುವ ಹಾಗಿಲ್ಲ. ಇಬ್ಬರು ಆಚೀಚೆ ನಿಂತು ಎಳೆಯುವ ಉದ್ದ ಗರಗಸವೇ. ನಮ್ಮಜ್ಜನ ಕಾಲದಲ್ಲಿ ನಾಟ ಕೊಯ್ಯುತ್ತಿದ್ದ ಥರ. ನಾನು ಒಮ್ಮೆ ಎಳೆದಿದ್ದೇನೆ. ತಳ್ಳಬಾರದು, ಎಳೆಯುವುದು ಮಾತ್ರ. ಆ ಕಡೆಯವನು ಎಳೆಯುವಾಗ ಸುಮ್ಮನೆ ಕೈ ಸಡಿಲ ಬಿಡಬೇಕು. ತಾಳ ಸಿಕ್ಕರೆ ಗರಗಸ ಹಾಡುತ್ತದೆ, ಹುಡಿಯ ಬದಲು ಶ್ಯಾವಿಗೆಯಂಥ ಎಳೆ ಬರುತ್ತದೆ.

ಚೈನ್‌ಲೂಬ್

ಅಲ್ಲಿಗೆ ಸೈಕಲ್ಲೂ ಬಿಡುವುದಿಲ್ಲ. ಹಾಗಾಗಿ ಈ ಚರ್ಚೆಗೆ ಸಂಬಂಧ ಇಲ್ಲ.

ಉಂಬಳ

ಇಡ್ಲಿ ಹಿಟ್ಟಿಗೆ ಸಂಬಂಧ ಇತ್ತಾ?

ಮೂಡಿಗೆರೆಮಳೆ
ಭಾನುವಾರ, 15 ಡಿಸೆಂಬರ್ 2024

ನಿನ್ನೆ ಮತ್ತೆ ಹೋಗಿದ್ದೆ. ಅದೇ ಗುಂಪು, ಅದೇ ಮುಖಂಡ. ಎಲ್ಲರಿಗೂ ಉತ್ತರ ಬರೆಯಲು ಆಗುವುದಿಲ್ಲ, ಒಟ್ಟಿಗೆ ಹೇಳುತ್ತೇನೆ.

ಬೆಣೆ ಸರ್, ನಿಮ್ಮ ಕಬ್ಬಿನ ಜಲ್ಲೆ ಮನಸ್ಸಲ್ಲಿತ್ತು. ಈ ಸಲ ಅವನು ಮರದ ಮುಂದೆ ನಿಂತಾಗ ನಾನೂ ಸುಮ್ಮನೆ ನೋಡಿದೆ. ದಪ್ಪ ಹೆಮ್ಲಾಕ್, ಎರಡು ಅಡಿ ಬುಡ. ಇಳಿಜಾರಿನಲ್ಲಿ ಅಡ್ಡ ಬಿದ್ದು ಕೆಳಗಡೆ ಒಂದು ಮೇಪಲ್ ಮರಕ್ಕೆ ಆತುಕೊಂಡಿತ್ತು. ನಾನಾಗಿದ್ದರೆ ಕೆಳಗಿನ ಬದಿ ನಿಂತು ಮೇಲಿನಿಂದ ಇಳಿಸುತ್ತಿದ್ದೆ. ಆ ಬದಿ ನೆಲ ಸಮ ಇತ್ತು, ನಿಲ್ಲಲು ಹಿತ. ಅವನು ಐದು ನಿಮಿಷ ಸುತ್ತು ಹಾಕಿದ. ತೊಗಟೆ ಮುಟ್ಟಿ ನೋಡಿದ. ಮೇಲೆ ತಲೆಯೆತ್ತಿ ಮುರಿದು ಸಿಕ್ಕಿಕೊಂಡ ಕೊಂಬೆ ಇದೆಯಾ ಅಂತ ನೋಡಿದ. ಆಮೇಲೆ ನನ್ನನ್ನು ಕರೆದು, 'ನಿನ್ನೂರಲ್ಲಿ ಇದನ್ನು ಎಲ್ಲಿಂದ ಕೊಯ್ಯುತ್ತೀರಿ?' ಅಂತ ಕೇಳಿದ. ಹೇಳಿದೆ. ಅವನು ಏನೂ ಅನ್ನಲಿಲ್ಲ. ಮೇಲಿನ ಬದಿಗೆ ಹೋಗಿ ಮಂಡಿಯೂರಿ ಕೊಯ್ದ. ಕೊನೇ ಎರಡು ಬೆರಳು ಇರುವಾಗಲೇ ಠಪ್ ಅಂತ ಶಬ್ದ ಬಂತು. ತುಂಡು ನಾನು ನಿಲ್ಲುತ್ತಿದ್ದೆ ಅಂದ ಜಾಗಕ್ಕೆ ಹಾರಿ, ಅಲ್ಲಿದ್ದ ಜರಿಗಿಡ ಚಪ್ಪಟೆ ಮಾಡಿ, ಉರುಳಿಕೊಂಡು ಕೆಳಗೆ ಹೋಯಿತು. ಅವನು ನನ್ನ ಕಡೆ ನೋಡಲೂ ಇಲ್ಲ. ಮಿಷನ್ ಆಫ್ ಮಾಡಿ ನೀರು ಕುಡಿದ.

ಎರಡು ಅಡಿ ದಪ್ಪದ ಮರದ ಒಂದೂಕಾಲು ಅಡಿ ತುಂಡು ಸುಮಾರು ಎಪ್ಪತ್ತು ಕಿಲೋ ತೂಗುತ್ತದಂತೆ. ಅಕ್ಕಿ ಮೂಟೆ ಹೊರುವ ಹಾಗೆ ಎತ್ತಲು ಹೋಗಬೇಡ, ಕೂತು ಕಾಲಲ್ಲಿ ತಳ್ಳು ಅಂತ ಅಲ್ಲಿದ್ದ ಎಪ್ಪತ್ತು ದಾಟಿದ ಒಬ್ಬರು ಹೆಂಗಸು ತೋರಿಸಿಕೊಟ್ಟರು. ಸೊಂಟ ಈ ಸಲ ನೋಯಲಿಲ್ಲ.

ಅವರೇ ಮಧ್ಯಾಹ್ನ ಒಂದು ಮಡಚುವ ಜಪಾನಿ ಕೈಗರಗಸ ಕೊಟ್ಟರು. ಎಳೆಯುವಾಗ ಮಾತ್ರ ಕೊಯ್ಯುವಂಥದ್ದು. ತೋಳು ಗಾತ್ರದ ತನಕ ಕಾರ್ಡ್ ಇಲ್ಲದೆಯೂ ಕೊಯ್ಯಬಹುದು, ಆದರೆ ಬಾಗಿದ ಗಿಡ ಮುಟ್ಟಿದರೆ ವಾಪಸ್ ಕಿತ್ತುಕೊಳ್ಳುತ್ತೇನೆ ಅಂದರು. ಹದಿನೇಳು ಕೊಂಬೆ ಕೊಯ್ದೆ. ನನ್ನ ಮಗಳು ಎಣಿಸಿದಳು. ಅವಳನ್ನೂ ಕರೆದುಕೊಂಡು ಹೋಗಿದ್ದೆ, ಸುತ್ತುದಾರಿ ಮುಚ್ಚುವ ಕೆಲಸ ಪೂರಾ ಮಕ್ಕಳದ್ದೇ. ನಡೆಯುವವಳು ಅವರೇ, ನಾಲ್ಕು ಕಡೆ ಮುಚ್ಚಿದ್ದೇವೆ. ಬಂದು ನೋಡಿ ಬೈಯಿರಿ.

ಮಿಷನ್ ತರಗತಿ ಮುಂದಿನ ವರ್ಷ ಇದೆಯಂತೆ, ಹೆಸರು ಕೊಟ್ಟಿದ್ದೇನೆ. ಈ ಸಲವೂ ಅರ್ಧ ಮೈಲಿ ದಾಟಲಿಲ್ಲ. ಅದು ಮಾತ್ರ ನನಗೆ ಈಗಲೂ ನಿಧಾನವೇ ಅನ್ನಿಸುತ್ತದೆ. ಎರಡು ಮಿಷನ್ ಇದ್ದ ಕಡೆ ನಾಲ್ಕು ಇದ್ದರೆ ಏನಾಗುತ್ತಿತ್ತು?

ಬೆಣೆ

ನಾಲ್ಕು ಮಿಷನ್‌ಗೆ ಎಳೆಯುವವರು ಇಪ್ಪತ್ತು ಜನ ಬೇಕು. ಅವರೇ ಸಿಗುವುದಿಲ್ಲ. ಕೊಯ್ಯಲು ಎಲ್ಲರೂ ಬರುತ್ತಾರೆ.

ನಡೆಯುವವಳು

ಬರುತ್ತೇನೆ. ಬೈಯುವುದು ಬಿಡುವುದು ಆಮೇಲೆ ನೋಡೋಣ. ಮುಂದಿನ ಶನಿವಾರ ಇದೆಯಾ?

ಮೂಡಿಗೆರೆಮಳೆ

ಇದೆ. ಬೆಳಗ್ಗೆ ಎಂಟೂವರೆಗೆ. ಮಳೆ ಬಂದರೂ ಇದೆ, ಗಾಳಿ ಬಂದರೆ ಇಲ್ಲ. ಗಾಡಿ ನಿಲ್ಲಿಸಲು ಡಿಸ್ಕವರ್ ಪಾಸ್ ಮರೆಯಬೇಡಿ. ಊಟ ನಮ್ಮದೇ ತರಬೇಕು.

ಇಡ್ಲಿಹಿಟ್ಟು

ಎಷ್ಟು ಜನ? ಚಿತ್ರಾನ್ನ ಮಾಡಿ ತರುತ್ತೇನೆ. ನನಗೆ ಕೊಂಬೆ ಎಳೆಯಲು ಹೇಳಬೇಡಿ.

ಅಡಿಕೆತೋಟ

ಫ್ಲಾಸ್ಕು ಎಲ್ಲಿ ಇಡಬಾರದು ಗೊತ್ತಲ್ಲ?